ಸೈಂಟಿಸ್ಟ್ ಎಂಬ ಪದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ

"ಮಗಳಿಗೆ ಸೈಂಟಿಸ್ಟ್ ಪೋಸ್ಟ್ ಸಿಕ್ತು" ಅನ್ನುತ್ತೇವೆ. "ವಿಜ್ಞಾನಿ ಪೋಸ್ಟ್ ಸಿಕ್ತು" ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಅದೇ ಸಿ.ವಿ. ರಾಮನ್ ಅವರ ಮಾತೆತ್ತಿದರೆ ನಾಲಗೆಗೆ ತಾನಾಗಿ ಬರುವುದು ವಿಜ್ಞಾನಿ. ಒಂದು ಹುದ್ದೆಯ ಹೆಸರು, ಇನ್ನೊಂದು ಮನುಷ್ಯನ ಗುರುತು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಇರುವುದು ಒಂದೇ ಪದ. ಆ ಪದವನ್ನು ಒಪ್ಪಿಕೊಳ್ಳಲು ಇಂಗ್ಲೆಂಡ್ ಸುಮಾರು ನೂರು ವರ್ಷ ತೆಗೆದುಕೊಂಡಿತು.

ನ್ಯೂಟನ್ ಬದುಕಿದ್ದಾಗ ಅವರನ್ನು ಯಾರೂ ಸೈಂಟಿಸ್ಟ್ ಅನ್ನಲಿಲ್ಲ. ಆ ಪದವೇ ಇರಲಿಲ್ಲ. ನಿಸರ್ಗವನ್ನು ಅರಸುವವರು ಆಗ 'ನ್ಯಾಚುರಲ್ ಫಿಲಾಸಫರ್' ಅಥವಾ 'ಮ್ಯಾನ್ ಆಫ್ ಸೈನ್ಸ್'. 1833ರ ಜೂನ್‌ನಲ್ಲಿ, ವಿಜ್ಞಾನದ ಏಳಿಗೆಗಾಗಿ ಕಟ್ಟಿದ ಬ್ರಿಟಿಷ್ ಅಸೋಸಿಯೇಷನ್ನಿನ ಮೂರನೇ ಸಮಾವೇಶ ಕೇಂಬ್ರಿಜ್‌ನಲ್ಲಿ ಸೇರಿತು. ಸಭೆಯಲ್ಲಿ ಕವಿ ಕೋಲ್‌ರಿಜ್ ಕೂತಿದ್ದರು, ಆಗ ಅವರಿಗೆ 60 ವರ್ಷ. ಪ್ರಯೋಗ ಮಾಡುವವರೂ ಕಲ್ಲು ಮಣ್ಣು ಕೆದಕುವವರೂ ತಮ್ಮನ್ನು ಫಿಲಾಸಫರ್ ಎಂದು ಕರೆದುಕೊಳ್ಳುವುದಕ್ಕೆ ಅವರದು ತಕರಾರು: ಅದು ತೀರಾ ವಿಶಾಲವಾದ, ತೀರಾ ಎತ್ತರದ ಪದ. ಹಾಗಾದರೆ ನಮ್ಮನ್ನು ಏನೆಂದು ಕರೆಯುತ್ತೀರಿ? ಪಂಡಿತ ಎಂಬರ್ಥದ ಫ್ರೆಂಚರ 'ಸಾವಾಂ' ಬಂತು, ಅದು ಹಮ್ಮಿನ ಮಾತೆನಿಸಿತು. ಜರ್ಮನರ ಪದವನ್ನು ಇಂಗ್ಲಿಷಿಗೆ ತಂದರೆ ನಿಸರ್ಗವನ್ನು ಇಣುಕಿ ನೋಡುವವನು ಎಂಬಂಥ ನಗೆಪಾಟಲಿನ ಅರ್ಥ ಬರುತ್ತಿತ್ತು. ಆಗ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್ ಒಂದು ಸಲಹೆ ಇಟ್ಟರು: ಆರ್ಟ್ ಮಾಡುವವನು ಆರ್ಟಿಸ್ಟ್ ಆದರೆ, ಸೈನ್ಸ್ ಮಾಡುವವನು ಸೈಂಟಿಸ್ಟ್ ಏಕಾಗಬಾರದು?

ಸಭೆಗೆ ಅದು ರುಚಿಸಲಿಲ್ಲ. ಇದನ್ನೆಲ್ಲ ನಮಗೆ ತಿಳಿಸಿದವರೂ ಹ್ಯೂವೆಲ್ ಅವರೇ. 1834ರ ಮಾರ್ಚ್‌ನಲ್ಲಿ 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಗೆ ಹೆಸರು ಹಾಕದೆ ಬರೆದ ಪುಸ್ತಕ ವಿಮರ್ಶೆಯಲ್ಲಿ, ಯಾರೋ ಒಬ್ಬ ಜಾಣ ಮಹನೀಯರು ಈ ಪದ ಸೂಚಿಸಿದರೆಂದು ಬರೆದರು. ಆ ಮಹನೀಯ ತಾನೇ ಎಂಬುದನ್ನು ಬಾಯಿಬಿಡಲಿಲ್ಲ.

ವಿಮರ್ಶೆಗೆ ಒಳಗಾದ ಪುಸ್ತಕ ವಿಜ್ಞಾನ ಲೇಖಕಿ ಮೇರಿ ಸೋಮರ್‌ವಿಲ್ ಅವರದು. ಹೆಂಗಸನ್ನು 'ಮ್ಯಾನ್ ಆಫ್ ಸೈನ್ಸ್' ಅನ್ನಲಾಗದೆ ಅವರಿಗಾಗಿಯೇ ಸೈಂಟಿಸ್ಟ್ ಪದ ಹುಟ್ಟಿತು ಎಂಬ ಕಥೆ ಈಗ ಎಲ್ಲೆಡೆ ಓಡಾಡುತ್ತಿದೆ. ಕೇಳಲು ಚೆಂದ, ಆದರೆ ನಿಜವಲ್ಲ. ಪದ ಹುಟ್ಟಿದ್ದು ಹಿಂದಿನ ವರ್ಷದ ಸಭೆಯಲ್ಲಿ, ಕಾರಣವೂ ಬೇರೆ. ರಸಾಯನದವರು ಒಂದು ಕಡೆ, ಗಣಿತದವರು ಇನ್ನೊಂದು ಕಡೆ, ಸಸ್ಯಗಳವರು ಮತ್ತೊಂದು ಕಡೆ ಸರಿದು, ಎಲ್ಲರನ್ನೂ ಸೇರಿಸಿ ಕರೆಯಲು ಒಂದು ಹೆಸರೇ ಉಳಿದಿಲ್ಲ ಎಂಬುದು ಹ್ಯೂವೆಲ್ ಅವರ ಕೊರಗಾಗಿತ್ತು. ಸೋಮರ್‌ವಿಲ್ ಬರೆದದ್ದು ಭೌತ ವಿಜ್ಞಾನಗಳ ನಡುವಿನ ನಂಟಿನ ಬಗ್ಗೆ. ಒಡೆದುಹೋಗುತ್ತಿದ್ದ ಮನೆಯನ್ನು ಒಂದಾಗಿ ತೋರಿಸುವ ಆ ಪುಸ್ತಕದ ಮಾತು ಬಂದಾಗಲೇ ಆ ಕೊರಗು ಹೊರಬಂತು. ನನ್ನ ಪ್ರಕಾರ ಸೋಮರ್‌ವಿಲ್ ಅವರಿಗೆ ಇದು ಆ ಕಟ್ಟುಕಥೆಗಿಂತ ದೊಡ್ಡ ಗೌರವ.

1840ರಲ್ಲಿ ಹ್ಯೂವೆಲ್ ಪದವನ್ನು ಮತ್ತೆ ಮುಂದಿಟ್ಟರು, ಈ ಸಲ ಸ್ವಂತ ಹೆಸರಿನಲ್ಲಿ. ಜೊತೆಗೆ ಭೌತಶಾಸ್ತ್ರದವರಿಗೆ 'ಫಿಸಿಸಿಸ್ಟ್' ಎಂಬ ಇನ್ನೊಂದನ್ನೂ. ವಿದ್ಯುತ್ತಿನ ಪ್ರಯೋಗಗಳಿಗೆ ಹೆಸರಾದ ಮೈಕೆಲ್ ಫ್ಯಾರಡೆಗೆ ಆನೋಡ್, ಕ್ಯಾಥೋಡ್ ಎಂಬ ಪದಗಳನ್ನು ಹೊಂದಿಸಿಕೊಟ್ಟವರು ಇದೇ ಹ್ಯೂವೆಲ್. ಅವನ್ನು ಸಂತೋಷದಿಂದ ಪಡೆದ ಫ್ಯಾರಡೆಗೆ ಫಿಸಿಸಿಸ್ಟ್ ಮಾತ್ರ ಬಾಯಿಗೂ ಕಿವಿಗೂ ಒಗ್ಗಲಿಲ್ಲ.

ಸೈಂಟಿಸ್ಟ್ ಪದ ಅಮೆರಿಕದಲ್ಲಿ ಬೇಗ ಹರಡಿತು. ಇಂಗ್ಲೆಂಡಿನಲ್ಲಿ ಅದೇ ಅದರ ಮೇಲಿನ ದೂರಾಯಿತು: ಇದು ಅಮೆರಿಕನ್ನರ ಒರಟು ಮಾತು, ಲ್ಯಾಟಿನ್ ಮುಂಡಕ್ಕೆ ಗ್ರೀಕ್ ಬಾಲ. 1894ರಲ್ಲಿ ಒಂದು ಪತ್ರಿಕೆ ಅಭಿಪ್ರಾಯ ಕೇಳಿದಾಗ ಜೀವಶಾಸ್ತ್ರಜ್ಞ ಥಾಮಸ್ ಹಕ್ಸ್‌ಲಿ, ಇಂಗ್ಲಿಷಿನ ಮೇಲೆ ಗೌರವ ಇರುವವರಿಗೆ ಈ ಪದ, ವಿದ್ಯುತ್ತಿನಿಂದ ಕೊಲ್ಲುವುದಕ್ಕೆ ಹೇಳುವ 'ಎಲೆಕ್ಟ್ರೋಕ್ಯೂಷನ್' ಎಂಬ ಪದದಷ್ಟೇ ಹಿತವಾಗಿರುತ್ತದೆ ಎಂದು ಉತ್ತರಿಸಿದರು. 1924ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮತ್ತೆ ಚರ್ಚೆ ಎದ್ದಿತು. ಲೇಖಕರು ಬಳಸಿದರೆ ತಡೆಯುವುದಿಲ್ಲ, ನಾವು ಮಾತ್ರ ಬಳಸುವುದಿಲ್ಲ ಎಂದಿತು ಪತ್ರಿಕೆ. ವ್ಯಾಕರಣದ ತಕರಾರು ಬರೀ ಮೇಲ್ಪದರ ಎಂದು ನನಗೆ ಅನಿಸುತ್ತದೆ. ಡೆಂಟಿಸ್ಟ್, ಟೈಪಿಸ್ಟ್ ಸಾಲಿಗೆ ಸೇರುವ ಪದದಲ್ಲಿ ಸಂಬಳದ ವಾಸನೆ ಇತ್ತು. ವಿಜ್ಞಾನ ತಮ್ಮ ಬದುಕಿನ ಹಂಬಲ, ಹೊಟ್ಟೆಪಾಡಲ್ಲ ಎಂದು ನಂಬಿದ ತಲೆಮಾರಿಗೆ ಅದು ಚುಚ್ಚಿತು.

ನಮ್ಮ ಭಾಷೆ ಹಿಡಿದ ದಾರಿ ಬೇರೆ. ಬಳೆ ಮಾರುವವನು ಬಳೆಗಾರ, ಹಾಡುವವನು ಹಾಡುಗಾರ. ಆ ಲೆಕ್ಕದಲ್ಲಿ 'ವಿಜ್ಞಾನಗಾರ' ಆಗಬಹುದಿತ್ತು, ಆಗಲಿಲ್ಲ. ಭೌತಶಾಸ್ತ್ರಜ್ಞ, ಸಸ್ಯಶಾಸ್ತ್ರಜ್ಞ, ವಿಜ್ಞಾನಿ ಎಲ್ಲವೂ ಬಲ್ಲವರ ಹೆಸರುಗಳು, ಕಸುಬು ಮಾಡುವವರವಲ್ಲ. 'ವಿಜ್ಞಾನ' ಅಂತೂ ಸೈನ್ಸ್‌ಗಿಂತ ಎಷ್ಟೋ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ಧರ್ಮಶಾಸ್ತ್ರದ ಪಂಡಿತ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಪತ್ರಿಕೆ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು 'ವಿಜ್ಞಾನ'. ಹಳೆಯ ಪದಕ್ಕೆ ಹೊಸ ಅರ್ಥ ಕೂಡಿಸುವ ಕೆಲಸದಲ್ಲಿ ಅವರ ಪಾಲು ದೊಡ್ಡದು.

ಹುದ್ದೆಯ ಹೆಸರಾಗಿ ಈ ಇಂಗ್ಲಿಷ್ ಪದ ಎಲ್ಲಿಗೆ ಬಂದು ಮುಟ್ಟಿದೆ ಎಂದು ತಿಳಿಯಲು ಇಸ್ರೋದ ಒಂದು ನೇಮಕಾತಿ ಪ್ರಕಟಣೆ ತೆರೆದು ನೋಡಿ. ಅಲ್ಲಿರುವುದು 'ಸೈಂಟಿಸ್ಟ್/ಇಂಜಿನಿಯರ್ ಎಸ್‌ಸಿ' (ಎಸ್‌ಸಿ ಇಲ್ಲಿ ಹುದ್ದೆಯ ದರ್ಜೆಯ ಗುರುತು). ನಡುವಿನ ಗೀಟನ್ನು ಗಮನಿಸಿ: ಮೆಕ್ಯಾನಿಕಲ್ ಓದಿದವರೂ ಎಲೆಕ್ಟ್ರಾನಿಕ್ಸ್ ಓದಿದವರೂ ಅದೇ ಹೆಸರಿನಡಿ ಒಳಗೆ ಬರುತ್ತಾರೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಓದಲ್ಲಿ 'ಸೈಂಟಿಸ್ಟ್ ಬಿ'ಯಿಂದ ಶುರುವಾಗಿ ಬಡ್ತಿಯ ಜೊತೆ ಅಕ್ಷರ ಮೇಲೇರುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನಮ್ಮ ಪತ್ರಿಕೆಗಳು ಎಲ್ಲರನ್ನೂ 'ಇಸ್ರೋ ವಿಜ್ಞಾನಿಗಳು' ಎಂದೇ ಬರೆದವು. ಆ ಪ್ರೀತಿ ನನಗೂ ಇದೆ. ಆದರೆ ಲ್ಯಾಂಡರನ್ನು ಮೆಲ್ಲಗೆ ಇಳಿಸಿದ ಕೌಶಲ ಬಹುಪಾಲು ಇಂಜಿನಿಯರುಗಳದು. ಅವರ ಕೆಲಸವನ್ನು ಅದರ ಹೆಸರಿನಿಂದಲೇ ಕರೆದು ಕೊಂಡಾಡಬೇಕಿತ್ತು.

ರಾಮನ್ ಅವರದು ಇದರ ತಿರುವುಮುರುವು. 1907ರಿಂದ ಹತ್ತು ವರ್ಷ ಅವರು ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದರು. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ಸಂಸ್ಥೆಯ ಪ್ರಯೋಗಾಲಯಕ್ಕೆ ಕಚೇರಿಗೆ ಮುಂಚೆ ಒಮ್ಮೆ, ಕಚೇರಿ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ತಂತಿಗಳ ಕಂಪನ, ವಾದ್ಯಗಳ ನಾದ ಅಳೆಯುತ್ತಿದ್ದರು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಕಡಿಮೆ ಸಂಬಳದ ಪಾಲಿತ್ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪಿ 1917ರಲ್ಲಿ ಇಲಾಖೆ ಬಿಡುವವರೆಗೂ ಕಾಗದದ ಮೇಲೆ ಅವರು ಲೆಕ್ಕಪತ್ರದ ಅಧಿಕಾರಿ.