ಅಳಿಸಿದರೂ ಖಾಲಿಯಾಗದ ಡಿಸ್ಕ್: ಸ್ಕ್ವಿಡ್ ಪ್ರಾಕ್ಸಿ ಟಿಪ್ಪಣಿ

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ಮರೀಬೇಡಿ.

ಹುಬ್ಬಳ್ಳಿಯಲ್ಲಿ ನಾನು ಲಿನಕ್ಸ್ ಕಲಿಯುತ್ತಿದ್ದ ಲ್ಯಾಬ್‌ನಲ್ಲಿ ಒಂದು ಹಳೆ ಉಬುಂಟು ಸರ್ವರ್ ಇತ್ತು. ಅದರಲ್ಲಿ ಸ್ಕ್ವಿಡ್, ಅಂದರೆ ಎಲ್ಲರ ಪರವಾಗಿ ಸೈಟ್‌ಗಳಿಂದ ಪೇಜ್ ತಂದುಕೊಡುವ ಪ್ರಾಕ್ಸಿ ಸಾಫ್ಟ್‌ವೇರ್. ಲ್ಯಾಬ್‌ನ ಇಂಟರ್ನೆಟ್ ಎಲ್ಲಾ ಅದರ ಮೂಲಕವೇ. ಒಂದು ಸೋಮವಾರ ಯಾರಿಗೂ ಒಂದು ಪೇಜೂ ತೆರೆಯಲಿಲ್ಲ. ಅರ್ಧ ಗಂಟೆ ಕೇಬಲ್ ಅಲ್ಲಾಡಿಸಿದೆವು. ಆಮೇಲೆ ಡಿಸ್ಕ್‌ನ ಜಾಗ ತೋರಿಸುವ ‘ಡಿಎಫ್ -ಎಚ್’ ಕೊಟ್ಟರೆ ರೂಟ್ ಪಾರ್ಟಿಶನ್, ಅಂದರೆ ಸಿಸ್ಟಮ್ ಇರುವ ಡಿಸ್ಕಿನ ಭಾಗ, ಶೇ. 100 ತುಂಬಿತ್ತು.

ಡಿಸ್ಕ್ ತುಂಬಿದರೆ ನೆಟ್ ಯಾಕೆ ನಿಲ್ಲಬೇಕು? ಬಂದ ಪ್ರತಿ ಕೋರಿಕೆಗೂ ಸ್ಕ್ವಿಡ್ ಆಕ್ಸೆಸ್ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ. ಬರೆಯಲು ಆಗದಿದ್ದರೆ, ಡೀಫಾಲ್ಟ್ ಸೆಟ್ಟಿಂಗ್ ಪ್ರಕಾರ, ಅದು ನಿಂತೇ ಹೋಗುತ್ತದೆ. ನಾವು ಮಾತ್ರ ರೂಟ್ ಯೂಸರ್, ಅಂದರೆ ಅಡ್ಮಿನ್ ಆಗಿ ಆರಾಮಾಗಿ ಫೈಲ್ ಉಳಿಸುತ್ತಿದ್ದೆವು. ಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಶೇ. 5 ಜಾಗವನ್ನು ರೂಟ್ ಯೂಸರ್‌ಗೆ ಎತ್ತಿಡುತ್ತದೆ. ಸ್ಕ್ವಿಡ್ ಓಡುವುದು ‘ಪ್ರಾಕ್ಸಿ’ ಎಂಬ ಯೂಸರ್ ಹೆಸರಲ್ಲಿ, ಅದಕ್ಕೆ ಅದರಲ್ಲಿ ಪಾಲಿಲ್ಲ.

‘ಆಪ್ಟ್ ಕ್ಲೀನ್’ ಕೊಟ್ಟು ಹಳೆ ಪ್ಯಾಕೇಜ್ ಫೈಲ್‌ಗಳನ್ನು ತೆಗೆದು ಸ್ಕ್ವಿಡ್ ಶುರು ಮಾಡಿದೆ. ನೆಟ್ ಬಂತು. ಜಾಗ ತಿಂದವರು ಯಾರೆಂದು ನೋಡಲು ‘ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 /ವಾರ್’. ಎಕ್ಸ್ ಹಾಕಿದರೆ ಬೇರೆ ಪಾರ್ಟಿಶನ್‌ಗೆ ಕಾಲಿಡುವುದಿಲ್ಲ. ಹಾಗೇ ಒಳಗಿಳಿಯುತ್ತಾ ಹೋದರೆ ಆಕ್ಸೆಸ್ ಲಾಗ್ ಒಂದೇ 22 ಜಿಬಿ! ಹಿಂದೆ ಮುಂದೆ ನೋಡದೆ ಫೈಲ್ ಅಳಿಸುವ ‘ಆರ್‌ಎಂ’ ಹೊಡೆದೆ. ಮತ್ತೆ ಡಿಎಫ್ ನೋಡಿದರೆ ಒಂದು ಎಂಬಿಯೂ ಇಳಿದಿಲ್ಲ.

ಲ್ಯಾಬ್ ನೋಡಿಕೊಳ್ಳುವ ಸರ್ ನಕ್ಕರು. “ಅಲ್ಲೋ ತಮ್ಮಾ, ಹೆಸರು ಅಷ್ಟ ಅಳಿಸೀದಿ. ಜಾಗ ಎಲ್ಲಿ ಬಿಟ್ಟದ ಅದು?”

ಇದೇ ನೋಡಿ ತಿಳಿಯಬೇಕಾದದ್ದು. ಬಾಗಿಲ ಮೇಲಿನ ಬೋರ್ಡ್ ಕಿತ್ತರೆ ಬಾಡಿಗೆಯವರು ಮನೆ ಖಾಲಿ ಮಾಡಿದ ಹಾಗೆ ಆಗುತ್ತದಾ? ಆರ್‌ಎಂ ಕಿತ್ತುಹಾಕುವುದು ಫೋಲ್ಡರ್‌ನಲ್ಲಿರುವ ಹೆಸರನ್ನು. ಯಾವುದಾದರೂ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಆ ಫೈಲನ್ನು ತೆರೆದು ಹಿಡಿದಿದ್ದರೆ ಬ್ಲಾಕ್‌ಗಳು, ಅಂದರೆ ಡಿಸ್ಕ್ ಜಾಗದ ತುಂಡುಗಳು, ಅದರ ಕೈಯಲ್ಲೇ ಇರುತ್ತವೆ. ಡಿಯು ಹೆಸರು ಹಿಡಿದು ಎಣಿಸುತ್ತದೆ, ಹಾಗಾಗಿ ಅದಕ್ಕೆ ಕಾಣುವುದಿಲ್ಲ. ಡಿಎಫ್ ಬ್ಲಾಕ್ ಲೆಕ್ಕ ಹೇಳುತ್ತದೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ‘ಎಲ್‌ಎಸ್‌ಒಎಫ್ +ಎಲ್1’ ಕೊಡಿ (+ ಆದಮೇಲಿನ ಎಲ್ ದೊಡ್ಡಕ್ಷರ). ಹೆಸರು ಹೋಗಿಯೂ ತೆರೆದಿರುವ ಫೈಲ್‌ಗಳು ಸಾಲಾಗಿ ಬರುತ್ತವೆ. ನಮ್ಮಲ್ಲಿ ಹಿಡಿದಿದ್ದು ಸ್ಕ್ವಿಡ್‌ನದೇ ಲಾಗ್ ಬರೆಯುವ ಪ್ರೊಸೆಸ್. ‘ಸ್ಕ್ವಿಡ್ -ಕೆ ರೊಟೇಟ್’ ಎಂದೆವು. ಅದು ಹಳೆ ಫೈಲ್ ಮುಚ್ಚಿ ಹೊಸದು ತೆರೆಯಿತು. 22 ಜಿಬಿ ಕ್ಷಣದಲ್ಲಿ ವಾಪಸ್.

ನಾನು ಮೊದಲೇ ‘ಟ್ರಂಕೇಟ್ -ಎಸ್ 0’ ಕೊಟ್ಟಿದ್ದರೆ ಹೆಸರು ಉಳಿದು ಹೊಟ್ಟೆ ಮಾತ್ರ ಖಾಲಿಯಾಗುತ್ತಿತ್ತು. ಲಾಗ್ ಆಮೇಲೆ ಬೇಕಾಗಬಹುದು ಅನ್ನಿಸಿದರೆ ಮೊದಲು ಜಿಜಿಪ್ ಮಾಡಿ, ಅಂದರೆ ಕುಗ್ಗಿಸಿ, ಬೇರೆ ಡಿಸ್ಕಿಗೆ ಹಾಕಿ. ನಾನು ಹಾಕಿರಲಿಲ್ಲ, ಬೈಸಿಕೊಂಡೆ.

ಎಷ್ಟೋ ಜನ ಮೊದಲು ಕೈ ಹಾಕುವುದು ಕ್ಯಾಶ್‌ಗೆ, ಅಂದರೆ ತಂದ ಪೇಜ್‌ಗಳನ್ನು ಮತ್ತೆ ಕೊಡಲು ಸ್ಕ್ವಿಡ್ ಎತ್ತಿಡುವ /ವಾರ್/ಸ್ಪೂಲ್/ಸ್ಕ್ವಿಡ್‌ಗೆ. ಅದಕ್ಕೆ ಸ್ಕ್ವಿಡ್ ಕಾನ್ಫಿಗ್‌ನ ಕ್ಯಾಶ್_ಡಿರ್ ಸಾಲಿನಲ್ಲೇ ಮಿತಿ ಇರುತ್ತದೆ. ‘100 16 256’ ಅಂದರೆ 100 ಎಂಬಿ, 16 ಫೋಲ್ಡರ್, ಒಂದೊಂದರಲ್ಲೂ 256. ಲಾಗ್‌ನ ಹಾಗೆ ಬೆಳೆಯುತ್ತಲೇ ಹೋಗುವುದಿಲ್ಲ. ಖಾಲಿ ಮಾಡಲೇಬೇಕಾದರೆ ಸ್ಕ್ವಿಡ್ ನಿಲ್ಲಿಸಿ, ಒಳಗಿನದನ್ನು ಅಳಿಸಿ, ‘ಸ್ಕ್ವಿಡ್ -ಜೆಡ್’ ಕೊಟ್ಟು ಆ ಫೋಲ್ಡರ್‌ಗಳನ್ನು ಮತ್ತೆ ಮಾಡಿಸಿ ಶುರು ಮಾಡಿ. ನನ್ನ ಕೇಳಿದರೆ ಸಣ್ಣ ಲ್ಯಾಬ್‌ಗೆ ಡಿಸ್ಕ್ ಕ್ಯಾಶೇ ಬೇಡ. ಈಗ ಹೆಚ್ಚಿನ ಸೈಟ್‌ಗಳು ಎಚ್‌ಟಿಟಿಪಿಎಸ್. ಪ್ರಾಕ್ಸಿಗೆ ಅದು ಮುಚ್ಚಿದ ಸುರಂಗ, ಒಳಗಿನದನ್ನು ಎತ್ತಿಡಲು ಬರುವುದಿಲ್ಲ. ಸುಮ್ನೆ ಜಾಗ ದಂಡ.

ಇನ್ನು, ಡಿಎಫ್ ಜಾಗ ಇದೆ ಅಂದರೂ ‘ಜಾಗವಿಲ್ಲ’ ಎಂಬ ಎರರ್ ಬಂದರೆ ‘ಡಿಎಫ್ -ಐ’ ನೋಡಿ. ಐನೋಡ್, ಅಂದರೆ ಒಂದೊಂದು ಫೈಲಿಗೂ ಬೇಕಾಗುವ ದಾಖಲೆ ಜಾಗ, ಮುಗಿದಿರಬಹುದು.

ಲಾಗ್ ಅಷ್ಟು ಬೆಳೆದದ್ದು ಯಾಕೆ ಅಂತ ಸಂಜೆ ಹುಡುಕಿದೆವು. ಉಬುಂಟುವಿನಲ್ಲಿ ಲಾಗ್ ತಿರುಗಿಸುವುದು, ಅಂದರೆ ಹಳೆಯದನ್ನು ಬದಿಗಿಟ್ಟು ಹೊಸದು ಶುರು ಮಾಡುವುದು, ಲಾಗ್‌ರೊಟೇಟ್ ಕೆಲಸ. ಅದು /ವಾರ್/ಲಾಗ್/ಸ್ಕ್ವಿಡ್ ಕಾಯುತ್ತಾ ಕೂತಿತ್ತು. ಯಾರೋ ಪುಣ್ಯಾತ್ಮರು ಕಾನ್ಫಿಗ್‌ನಲ್ಲಿ ಲಾಗ್‌ನ ದಾರಿಯನ್ನೇ ಬೇರೆ ಫೋಲ್ಡರ್‌ಗೆ ಬದಲಿಸಿದ್ದರು. ಲಾಗ್‌ರೊಟೇಟ್‌ನ ನಿಯಮದ ಫೈಲಿನಲ್ಲಿ ಹೊಸ ದಾರಿ ಸೇರಿಸಿ ‘ಲಾಗ್‌ರೊಟೇಟ್ -ಡಿ’ ಕೊಟ್ಟು ನೋಡಿದೆವು. ಅದು ಏನನ್ನೂ ಮುಟ್ಟದೆ, ಏನು ಮಾಡಲಿದೆ ಎಂದಷ್ಟೇ ತೋರಿಸುತ್ತದೆ. ಈ ಸಲ ನಮ್ಮ ಆಕ್ಸೆಸ್ ಲಾಗ್ ಹೆಸರೂ ಆ ಪಟ್ಟಿಯಲ್ಲಿ ಬಂತು.