ಅಪ್ಪೆಮಿಡಿ ಮರ ಒಣಗುತ್ತಿದೆ, ಗೊರಟೆ ಹಾಕಿದರೆ ತಳಿ ಉಳಿಯುತ್ತದಾ?

ಪ್ರಶ್ನೆ: ನಮ್ಮ ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಅಜ್ಜನ ಕಾಲದ ಜೀರಿಗೆ ಅಪ್ಪೆ ಮರವಿದೆ, ಉಪ್ಪಿನಕಾಯಿಗೆ ಮಿಡಿ ಕೊಯ್ಯುವ, ಜೀರಿಗೆ ಪರಿಮಳದ ಮಾವು. ಒಂದೊಂದೇ ಕೊಂಬೆ ಒಣಗುತ್ತಿದೆ. ಹಣ್ಣಿನ ಗೊರಟೆ ಹಾಕಿ ಗಿಡ ಮಾಡಿಕೊಂಡರೆ ಸಾಕಲ್ವಾ?

ಗಿಡವೇನೋ ಆಗುತ್ತದೆ. ಆ ಜೀರಿಗೆ ಪರಿಮಳದ ಸೊನೆ ಬರುತ್ತದೆ ಅನ್ನೋಕೆ ಮಾತ್ರ ಖಾತ್ರಿ ಇಲ್ಲ. ಮಾವಿನ ಹೂವಿಗೆ ನೊಣ, ಜೇನು ಎಲ್ಲಿಂದಲೋ ಪರಾಗ ತಂದಿರುತ್ತವೆ, ಪಕ್ಕದ ಕಾಟುಮಾವಿನದ್ದೂ (ಕಾಡುಮಾವಿನದ್ದೂ) ಇರಬಹುದು. ನೆಕ್ಕರೆಯಂಥ ಕೆಲವು ಕರಾವಳಿ ತಳಿಗಳಲ್ಲಿ ಒಂದೇ ಗೊರಟೆಯಿಂದ ನಾಲ್ಕಾರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಹಾಗೇ ಇರುತ್ತವೆ. ಒಂದೇ ಮೊಳಕೆ ಬಂತೋ, ಆ ಆಸೆ ಬಿಡಿ.

ಗೊರಟೆಯನ್ನು ಬೀಜ ಬ್ಯಾಂಕಿನಲ್ಲಿ ಇಡೋದೂ ಆಗದ ಮಾತು. ಭತ್ತ, ರಾಗಿಯನ್ನು ಚೆನ್ನಾಗಿ ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿಟ್ಟರೆ ದಶಕಗಟ್ಟಲೆ ಇರುತ್ತವೆ. ಮಾವಿನ ಗೊರಟೆ ಒಣಗಿದರೆ ಸತ್ತಿತು. ಹಲಸು, ಕೋಕೋ ಕೂಡ ಇದೇ ಜಾತಿ. ಅದಕ್ಕೇ ಮಾವಿನ ತಳಿ ಕಾಯೋದು ಅಂದರೆ ಮರಗಳನ್ನೇ ಸಾಲಾಗಿ ಬೆಳೆಸಿ ಕಾಯೋದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಇರುವುದು ಅಂಥ ತೋಟ. ಅಲ್ಲಿ ಪರಾಗವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ಕೆಲಸವೂ ನಡೆದಿದೆ. ಬೇರೆ ಬೇರೆ ಕಾಲಕ್ಕೆ ಹೂ ಬಿಡುವ ಎರಡು ತಳಿಗಳನ್ನು ಕೂಡಿಸಲು ಅದು ಬೇಕು. ಆದರೆ ಬರೀ ಪರಾಗದಿಂದ ನಿಮ್ಮ ಮರ ವಾಪಸ್ ಬರೋದಿಲ್ಲ.

ಉಳಿದ ದಾರಿ ಕಸಿ. ಮರದಲ್ಲಿ ಇನ್ನೂ ಜೀವ ಇರುವ ಕೊಂಬೆಯ ತುದಿ ನೋಡಿ, ಪೆನ್ಸಿಲ್ ದಪ್ಪದ್ದು, ತೀರಾ ಎಳಸೂ ಅಲ್ಲ, ಬಲಿತು ಗಟ್ಟಿಯಾದ್ದೂ ಅಲ್ಲ. ವಾರ ಹತ್ತು ದಿನ ಮೊದಲೇ ಅದರ ಎಲೆ ಸವರಿ, ತೊಟ್ಟು ಮಾತ್ರ ಬಿಡಿ. ತೊಟ್ಟು ತಾನಾಗಿ ಉದುರಿ ತುದಿಮೊಗ್ಗು ಉಬ್ಬಿದರೆ ಕಡ್ಡಿ ತಯಾರು ಅಂತ ಲೆಕ್ಕ. ಬುಡವನ್ನು ಎರಡೂ ಕಡೆ ಚೂಪಾಗಿ ಕೆತ್ತಿ, ಯಾವುದಾದರೂ ಕಾಟುಮಾವಿನ ಸಸಿಯ ತಲೆ ಕತ್ತರಿಸಿ ಸೀಳಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಎರಡರ ದಪ್ಪ ಹೊಂದದಿದ್ದರೆ ಒಂದು ಬದಿಯ ತೊಗಟೆಯಾದರೂ ಸರಿಯಾಗಿ ಕೂಡಲೇಬೇಕು, ಜಾಸ್ತಿ ಜನ ಎಡವೋದು ಇಲ್ಲೇ. ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿ ನೆರಳಲ್ಲಿಡಿ.

ಅಪ್ಪೆಗೆ ಈ ಅವಸರ ಯಾಕೆಂದರೆ, ಅಘನಾಶಿನಿ, ಬೇಡ್ತಿ ದಡದಲ್ಲಿ ತಾನಾಗಿ ಹುಟ್ಟಿದ ಈ ಮರಗಳು ಒಂದರ ಹಾಗೆ ಇನ್ನೊಂದಿಲ್ಲ. ಮಿಡಿಯಲ್ಲೇ ಎಲ್ಲ ಕೊಯ್ದರೆ ಹಣ್ಣಾಗೋದೇ ಇಲ್ಲ, ಹೊಸ ಸಸಿ ಎಲ್ಲಿಂದ ಬರಬೇಕು? ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ ನಿಜ, ಅದು ಹೆಸರನ್ನು ಕಾಯುತ್ತದೆಯೇ ಹೊರತು ನಿಮ್ಮ ಮರವನ್ನಲ್ಲ.

ಗೊರಟೆ ಸಸಿಯನ್ನು ಸುಮ್ನೆ ಕಿತ್ತೆಸೆಯಲೂ ಬೇಡಿ. ಹೊಸ ತಳಿ ಹುಟ್ಟೋದೂ ಹೀಗೆ ಎರಡು ಮರ ಬೆರೆತ ಗೊರಟೆಯಿಂದಲೇ. ನೀಲಂ, ದಶೇರಿ ಮಾವು ಎರಡನ್ನೇ ಕೂಡಿಸಿ ಮಲ್ಲಿಕಾ ತಳಿ ಬಂತು, ತಾಯಿ-ತಂದೆ ಅದಲುಬದಲು ಮಾಡಿದಾಗ ಆಮ್ರಪಾಲಿ ಬಂತು. ಜಾಗವಿದ್ದರೆ ನಾಲ್ಕು ಸಸಿ ಬಿಡಿ. ಕಸಿ ಗಿಡಗಳನ್ನು ಮಾತ್ರ ಒಂದೇ ಕಡೆ ನೆಡಬೇಡಿ, ನೆಂಟರ ಮನೆಗೂ ಎರಡು ಕೊಡಿ, ಯಾವ ಮರದ್ದು ಅಂತ ತಗಡಿನ ಚೀಟಿ ಕಟ್ಟಿ.