ಬೀಟಾ ಅಮೈಲಾಯ್ಡ್ ಏರುತ್ತದೋ, ಇಳಿಯುತ್ತದೋ? ತೊಗರಿ ಲೆಕ್ಕದಲ್ಲಿ ನೋಡೋಣ

ಇಂಟರ್ನಲ್ಸ್‌ನಲ್ಲಿ ಒಂದೇ ಪ್ರಶ್ನೆಗೆ 4 ಅಂಕ ಹೋಯಿತು. ಅಲ್ಝೈಮರ್ ಕಾಯಿಲೆಯಲ್ಲಿ ಸಿಎಸ್ಎಫ್‌ನ, ಅಂದರೆ ಮೆದುಳು, ಬೆನ್ನುಹುರಿ ಸುತ್ತ ಇರುವ, ಬೆನ್ನಿನಿಂದ ತೆಗೆಯುವ ನೀರಿನ, ಬೀಟಾ ಅಮೈಲಾಯ್ಡ್ 42 ಏನಾಗುತ್ತದೆ? ಮೆದುಳಿನಲ್ಲಿ ಗುಡ್ಡೆ ಬೀಳುವ ಪ್ರೋಟೀನ್ ಅಲ್ವಾ, 'ಏರುತ್ತದೆ' ಅಂತ ಬರೆದೆ. ತಪ್ಪು. ಇಳಿಯುತ್ತದೆ.

ವಿಟಮಿನ್ ಬಿ12, ಥೈರಾಯ್ಡ್‌ಗೆ ಟಿಎಸ್ಎಚ್, ಸಿಫಿಲಿಸ್‌ಗೆ ವಿಡಿಆರ್‌ಎಲ್ ಪರೀಕ್ಷೆಗಳು ನಿಮಗೆ ಗೊತ್ತೇ ಇವೆ. ಮರೆವು ಅಂತ ಬಂದವರಿಗೆ ಮೊದಲು ಅವನ್ನೇ ಮಾಡುವುದು. ಅಲ್ಲೇ ಕಾರಣ ಸಿಕ್ಕರೆ ಎಷ್ಟೋ ಸಲ ಔಷಧಿಗೆ ಬಗ್ಗುತ್ತದೆ.

ಈಗ ನನ್ನನ್ನು ಕೆಡವಿದ ಜಾಗಕ್ಕೆ ಬರೋಣ. ನಮ್ಮ ಕಲಬುರಗಿ ಎಪಿಎಂಸಿ ನೆನಪಿಸಿಕೊಳ್ಳಿ. ಜನವರಿಯಲ್ಲಿ ತೊಗರಿ ಆವಕ ಕಡಿಮೆ ಇದೆ ಅಂದ ಮಾತ್ರಕ್ಕೆ ಬೆಳೆ ಹೋಯಿತು ಅಂತಲ್ಲ. ರೇಟು ಏರಲಿ ಅಂತ ಚೀಲ ಮನೆಯಲ್ಲೇ ಇಟ್ಟುಕೊಂಡಿರಬಹುದು. ಸಿಎಸ್ಎಫ್ ಅನ್ನುವುದು ಎಪಿಎಂಸಿ, ಮೆದುಳು ಮನೆ. 42 ಪ್ಲಾಕ್‌ಗಳಲ್ಲಿ, ಅಂದರೆ ಮೆದುಳಿನ ಆ ಗುಡ್ಡೆಗಳಲ್ಲಿ, ಸಿಕ್ಕಿಬಿದ್ದಷ್ಟೂ ಹೊರಗೆ ಬರುವುದು ಕಡಿಮೆ. ನಾವು ಅಳೆಯುವುದು ಆವಕವನ್ನು, ಮನೆಯೊಳಗಿನ ಚೀಲಗಳನ್ನಲ್ಲ. ಇಷ್ಟು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಆದರೆ ನಿಜಕ್ಕೂ ಬೆಳೆಯೇ ಕಡಿಮೆ ಇದ್ದರೆ? ಅದಕ್ಕೇ ಬೀಟಾ ಅಮೈಲಾಯ್ಡ್ 40 ಕೂಡ ಅಳೆಯುತ್ತಾರೆ. ಎರಡೂ ಎಪಿಪಿ ಅನ್ನುವ ಒಂದೇ ಪ್ರೋಟೀನ್ ಕತ್ತರಿಸಿ ಬಂದ ತುಂಡುಗಳು, ಒಂದೇ ಹೊಲದ ತೊಗರಿ, ಕಡಲೆ ಇದ್ದ ಹಾಗೆ. ಮಳೆ ಕೈಕೊಟ್ಟರೆ ಎರಡೂ ಇಳಿಯಬೇಕು. ತೊಗರಿ, ಅಂದರೆ 42, ಮಾತ್ರ ಇಳಿದರೆ ಎಲ್ಲೋ ಕೂಡಿಟ್ಟಿದ್ದಾರೆ ಅಂತ ಲೆಕ್ಕ. ಸುಮ್ನೆ ಒಂದು ಉದಾಹರಣೆ: ಇಬ್ಬರಿಗೂ 42 ಅನ್ನುವುದು 500. ಒಬ್ಬರ 40 ಅನ್ನುವುದು 5000, ಅನುಪಾತ 0.1. ಇನ್ನೊಬ್ಬರದು 10000, ಅನುಪಾತ 0.05. ಅನುಮಾನ ಪಡಬೇಕಾದದ್ದು ಎರಡನೆಯವರ ಮೇಲೆ. 42 ಒಂದನ್ನೇ ನೋಡಿದ್ದರೆ ಇಬ್ಬರೂ ಒಂದೇ ಥರ ಕಾಣುತ್ತಿದ್ದರು.

ನರಕೋಶದೊಳಗಿನ ಇನ್ನೊಂದು ಪ್ರೋಟೀನ್ ಟೌ. ಅದು ಇದರ ಉಲ್ಟಾ, ಏರುತ್ತದೆ. ಒಟ್ಟು ಟೌ ಸ್ಟ್ರೋಕ್‌ನಲ್ಲೂ ಏರುವುದರಿಂದ ಫಾಸ್ಫೇಟ್ ಅಂಟಿದ ಪಿ-ಟೌಗೆ ಬೆಲೆ ಜಾಸ್ತಿ. ರಕ್ತದಲ್ಲೇ ಪಿ-ಟೌ 217 ಅನ್ನು 42ರಿಂದ ಭಾಗಿಸುವ ಲುಮಿಪಲ್ಸ್ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2025ರ ಮೇನಲ್ಲಿ ಒಪ್ಪಿಗೆ ಕೊಟ್ಟಿತು. ಲಕ್ಷಣ ಇರುವವರಿಗೆ ಮಾತ್ರ. ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ, ಭಾಗಿಸಿದಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನನಗೆ ಭಾಳ ಹಿಡಿಸಿದ ಉಪಾಯ ಇದು.

ಎನ್‌ಎಫ್‌ಎಲ್ ಅನ್ನುವ ನರತಂತುವಿನ ಪ್ರೋಟೀನ್ ಎಲ್ಲ ಥರದ ನರಹಾನಿಯಲ್ಲೂ ಏರುತ್ತದೆ. ಹೊಗೆ ಇದೆ ಅನ್ನುತ್ತದೆ, ಯಾರ ಮನೆಯದು ಅನ್ನುವುದಿಲ್ಲ.

ಪಾರ್ಕಿನ್ಸನ್‌ಗೆ ಸೀಡ್ ಆಂಪ್ಲಿಫಿಕೇಶನ್ ಅನ್ನುವ ಪರೀಕ್ಷೆ ಇದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ. ಆಲ್ಫಾ ಸೈನ್ಯೂಕ್ಲಿನ್ ಅಂದರೆ ಪಾರ್ಕಿನ್ಸನ್‌ನಲ್ಲಿ ಕೆಡುವ ಪ್ರೋಟೀನ್. ಅದರ ಒಳ್ಳೆಯ ರೂಪಕ್ಕೆ ರೋಗಿಯ ಸಿಎಸ್ಎಫ್ ಒಂದಿಷ್ಟು ಬೆರೆಸಿ, ಅಲುಗಾಡಿಸಿ, ಕಾಯುತ್ತಾರೆ. ಸಿಎಸ್ಎಫ್‌ನಲ್ಲಿ ಕೆಟ್ಟು ಮಡಚಿದ ಪ್ರೋಟೀನ್ ಇದ್ದರೆ ಉಳಿದದ್ದನ್ನೂ ಕೆಡಿಸುತ್ತದೆ, ಥಯೋಫ್ಲೇವಿನ್ ಅನ್ನುವ ಬಣ್ಣ ಹೊಳೆಯುತ್ತದೆ.

ಲ್ಯಾಬಿನಲ್ಲಿ ನಿಲ್ಲುವವರಿಗೆ ಇನ್ನೊಂದು ಮಾತು. 42ರ ಬಾಲದಲ್ಲಿ 40ಕ್ಕಿಂತ ಎರಡು ಅಮೈನೋ ಆಮ್ಲ ಜಾಸ್ತಿ. ಅದರಿಂದಲೇ ಅದು ಜಿಗುಟು, ಅದರಿಂದಲೇ ಪ್ಲಾಕ್. ಅದೇ ಜಿಗುಟಿನಿಂದ ಟ್ಯೂಬಿನ ಗೋಡೆಗೂ ಅಂಟಿಕೊಳ್ಳುತ್ತದೆ. ಗಾಜು, ಪಾಲಿಸ್ಟೈರೀನ್ ಬೇಡ, ಪಾಲಿಪ್ರೊಪಿಲೀನ್ ಟ್ಯೂಬೇ ಬೇಕು. ಪದೇ ಪದೇ ಬೇರೆ ಟ್ಯೂಬಿಗೆ ಸುರಿಯಲೂಬಾರದು. ಇಲ್ಲದಿದ್ದರೆ ಚೀಲ ಕೂಡಿಟ್ಟದ್ದು ರೋಗಿಯ ಮೆದುಳಲ್ಲ, ನಮ್ಮ ಟ್ಯೂಬು.